ಬ್ಯಾಣದ ಹುಲ್ಲಿನ ಸಸಿ ಒಣಗುತ್ತಿದೆಯಾ? ಎಲೆ ಬಿಡಿ, ಬುಡ ನೋಡಿ

ಬ್ಯಾಣದ (ಮಲೆನಾಡಿನ ಹುಲ್ಲುಗಾವಲಿನ) ಹುಲ್ಲಿನ ಬೀಜ ಆಗಸ್ಟಿನಲ್ಲಿ ಚೆಲ್ಲಿದ್ದೀರಿ. ಹತ್ತೇ ದಿನಕ್ಕೆ ಧರೆಯ (ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆಯ) ಮೇಲೆ ಹಸಿರು ಎದ್ದಿದೆ. ಸೆಪ್ಟೆಂಬರ್ ಪೂರ್ತಿ ಚೆನ್ನಾಗಿದೆ. ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು ಒಂದು ವಾರ ಬಿಸಿಲು ಬೀಳುತ್ತದೆ. ನೋಡುನೋಡುತ್ತಲೇ ಅರ್ಧಕ್ಕರ್ಧ ಸಸಿಗಳು ತಂತಿಯ ಹಾಗೆ ಸುರುಳಿ ಸುತ್ತಿ ಒಣಗುತ್ತವೆ. ಗೇಣು ದೂರದಲ್ಲಿ, ಅದೇ ದಿನ ಮೊಳೆತ ಇನ್ನೊಂದು ಸಸಿ ಹಸಿರಾಗಿಯೇ ನಿಂತಿರುತ್ತದೆ. ಎರಡಕ್ಕೂ ಬಿದ್ದ ಮಳೆ ಒಂದೇ, ಮಣ್ಣೂ ಒಂದೇ. ಹಾಗಾದರೆ ದೋಷ ಎಲ್ಲಿದೆ?

ಹೊಸನಗರದ ಕಡೆ ನಮ್ಮ ಮನೆ. ಹಿಂದಿನ ಧರೆಗೂ, ಮೇಲಿನ ಬ್ಯಾಣದಲ್ಲಿ ಬೋಳಾದ ಜಾಗಕ್ಕೂ ಊರಿನದೇ ಹುಲ್ಲು ಹಿಡಿಸಬೇಕು ಎಂದು ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ವರ್ಷ ಸಸಿಗಳೆಲ್ಲ ಹೋದವು. ನೀರು ಕಡಿಮೆಯಾಯಿತು ಎಂದುಕೊಂಡು ಎರಡನೇ ವರ್ಷ ದಿನಾ ಸಂಜೆ ರೋಸ್‌ಕ್ಯಾನಿನಲ್ಲಿ ನೀರು ಹಾಕಿದೆ. ಆಗಲೂ ಮುಕ್ಕಾಲು ಪಾಲು ಹೋದವು. ಒಣಗಿದ ಎಲೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಾಗ ದೊಡ್ಡಪ್ಪ ಬಂದರು. "ಎಲೆ ಏನು ನೋಡ್ತಾ ಕೂತ್ಯೋ ಮಾರಾಯ? ಕಿತ್ತು ಬೇರು ನೋಡು" ಎಂದರು. "ಕಿತ್ತರೆ ಸತ್ತೇ ಹೋಗುತ್ತಲ್ಲ ದೊಡ್ಡಪ್ಪ" ಎಂದೆ. "ಹತ್ತು ಸತ್ತರೆ ಸಾಯಲಿ, ಸಾವಿರ ಉಳಿಯುತ್ತೆ" ಎಂದರು. ಕಿತ್ತು ನೋಡಿದ ಮೇಲೇ ನನಗೆ ವಿಷಯ ಗೊತ್ತಾಗಿದ್ದು. ಈ ಬರಹ ಪೂರ್ತಿ ಆ ಕಿತ್ತು ನೋಡುವ ಕೆಲಸದ್ದೇ.

ಬೇರು ಎರಡು ಸಲ ಬರುತ್ತದೆ

ಹುಲ್ಲಿನ ಬೀಜದಿಂದ ಮೊದಲು ಒಂದು ತೆಳು ಬೇರು ಕೆಳಗಿಳಿಯುತ್ತದೆ. ಇದನ್ನು ಬೀಜದ ಬೇರು ಎನ್ನೋಣ. ಸಸಿ ಮೊದಲ ಕೆಲವು ವಾರ ಬದುಕುವುದು ಇದರ ಮೇಲೆಯೇ. ಆದರೆ ಇದು ಶಾಶ್ವತ ಏರ್ಪಾಡಲ್ಲ. ಮೂರು ನಾಲ್ಕು ಎಲೆ ಬರುವ ಹೊತ್ತಿಗೆ, ಅಂದರೆ ಮೊಳೆತು 2ರಿಂದ 4 ವಾರದೊಳಗೆ, ಸಸಿಯ ಬುಡದ ಗಂಟಿನಿಂದ ದಪ್ಪ ಬಿಳಿ ಬೇರುಗಳು ಹೊರಡಬೇಕು. ಇವು ಬುಡದ ಬೇರು. ಮುಂದೆ ತೆಂಡೆ (ಬುಡದಿಂದ ಬರುವ ಮರಿ ಕವಲು) ಒಡೆದು ಪೊದೆಯಂಥ ಬುಡ್ಡೆಯಾಗುವ ಹುಲ್ಲಿಗೆ ನೀರು ಕೊಡುವುದು ಇವೇ. ಮೆಕ್ಕೆಜೋಳದ ಸಸಿ ಕಿತ್ತು ನೋಡಿದವರಿಗೆ ಇದು ಹೊಸದಲ್ಲ. ಶಿಕಾರಿಪುರದ ಕಡೆಯವರಾದರೆ ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತು ನೋಡಿ, ಎರಡು ಅಂತಸ್ತಿನ ಬೇರು ಸ್ಪಷ್ಟವಾಗಿ ಕಾಣುತ್ತದೆ.

ತೊಂದರೆ ಬರುವುದು ಬುಡದ ಗಂಟು ಇರುವ ಜಾಗದಿಂದ. ನಮ್ಮ ಗುಡ್ಡದ ಹುಲ್ಲುಗಳಾದ ಥೆಮೆಡಾ, ಹೆಟೆರೊಪೋಗನ್, ಅರುಂಡಿನೆಲ್ಲಾ ಎಲ್ಲ ಮೆಕ್ಕೆಜೋಳದ ಕಡೆಯ ಗುಂಪಿನವು. (ಹೆಟೆರೊಪೋಗನ್ ಅಂದರೆ ಗುಡ್ಡ ಹತ್ತಿ ಬಂದ ಮೇಲೆ ಪಂಚೆಗೆ ಚುಚ್ಚಿಕೊಂಡಿರುತ್ತಲ್ಲ, ಅದೇ.) ಇವುಗಳ ಬೀಜ ಎಷ್ಟೇ ಆಳದಲ್ಲಿರಲಿ, ಬೀಜಕ್ಕೂ ಗಂಟಿಗೂ ನಡುವಿನ ಸಣ್ಣ ಕಾಂಡ ಉದ್ದವಾಗುತ್ತಾ ಗಂಟನ್ನು ಮೇಲಕ್ಕೆ ತರುತ್ತದೆ. ಬೆಳಕು ಸಿಕ್ಕ ಮೇಲಷ್ಟೇ ಅದರ ಬೆಳವಣಿಗೆ ನಿಲ್ಲುತ್ತದೆ. ಹಾಗಾಗಿ ಗಂಟು ಯಾವಾಗಲೂ ಮಣ್ಣಿನ ಮೇಲ್ಪದರದಲ್ಲೇ ಕೂರುತ್ತದೆ. ಮಳೆ ಬಿಟ್ಟ ಮೇಲೆ ಮೊದಲು ಒಣಗುವುದೂ ಅದೇ ಪದರ, ಅಲ್ವಾ?

ಆ ಸಣ್ಣ ಕಾಂಡ ದಾರದಷ್ಟು ತೆಳು. ಅದರೊಳಗೆ ನೀರು ಸಾಗಿಸುವ ನಾಳಗಳು ಕೆಲವೇ ಕೆಲವು. ಎರಡು ಎಲೆಗೆ ಅಷ್ಟು ನೀರು ಸಾಕು. ಐದಾರು ಎಲೆಯಾದರೆ ಸಾಲದು. ಅರ್ಧ ಇಂಚಿನ ಪೈಪಿನಲ್ಲಿ ಇಡೀ ತೋಟಕ್ಕೆ ನೀರು ಬಿಟ್ಟ ಹಾಗಾಗುತ್ತದೆ. ಕೆಳಗೆ ಮಣ್ಣಿನಲ್ಲಿ ನೀರಿದ್ದರೂ ಮೇಲಿನ ಎಲೆಗೆ ಸಾಕಷ್ಟು ಬರುವುದಿಲ್ಲ. ಅಮೆರಿಕದ ಒಣ ಬಯಲಿನ ಬ್ಲೂ ಗ್ರಾಮಾ ಎಂಬ ಹುಲ್ಲಿನಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಅಲ್ಲಿ ಮೇಲ್ಮಣ್ಣು 2ರಿಂದ 4 ದಿನ ಬಿಡದೆ ಹಸಿಯಾಗಿದ್ದರೆ ಬುಡದ ಬೇರು ಇಳಿಯುತ್ತದೆ. ಅಷ್ಟು ದಿನ ಸಿಗದಿದ್ದರೆ ಸಸಿ ಬೀಜದ ಬೇರಿನ ಮೇಲೆ ಕೆಲವು ವಾರ ಬದುಕಿ ಆಮೇಲೆ ಸಾಯುತ್ತದೆ.

ನಮ್ಮ ಅಕ್ಟೋಬರಿನ ಸಾವು ಇದೇ. ಸಸಿ ಅಕ್ಟೋಬರಿನಲ್ಲಿ ಒಣಗುತ್ತದೆ, ಆದರೆ ದೋಷ ಆಗಿರುವುದು ಸೆಪ್ಟೆಂಬರಿನಲ್ಲಿ. ನಾವೆಲ್ಲ ಎಲೆ ಹಸಿರಾಗಿದೆ ಎಂದು ಸುಮ್ನೆ ಇದ್ದೆವಲ್ಲ, ಆಗ.

ಕಿತ್ತು ನೋಡುವ ಕ್ರಮ

ಒಣಗಿದ ಐದು ಸಸಿ, ಸೊರಗುತ್ತಿರುವ ಐದು, ಚೆನ್ನಾಗಿರುವ ಐದು ಆರಿಸಿಕೊಳ್ಳಿ. ಚೆನ್ನಾಗಿರುವುದನ್ನು ಕೀಳಲು ಮನಸ್ಸು ಬರುವುದಿಲ್ಲ, ನನಗೂ ಬರಲಿಲ್ಲ. ಆದರೆ ಅದಿಲ್ಲದೆ ಹೋಲಿಕೆ ಸಿಗುವುದಿಲ್ಲ. ಕೈಯಲ್ಲಿ ಎಳೆಯಬೇಡಿ. ಕುರ್ಚಿಗೆಯಿಂದ (ಕಳೆ ತೆಗೆಯುವ ಸಣ್ಣ ಸಲಕರಣೆ) ಸುತ್ತ ನಾಲ್ಕು ಬೆರಳು ಬಿಟ್ಟು ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಮಣ್ಣು ತಾನಾಗಿ ಬಿಡುತ್ತದೆ. ಆಮೇಲೆ ಬಿಳಿ ತಟ್ಟೆಯಲ್ಲಿ ಹರಡಿ ನೋಡಿ.

ಬುಡದ ಗಂಟಿನಿಂದ ದಪ್ಪ ಬಿಳಿ ಬೇರು ಮೂರು ನಾಲ್ಕು ಹೊರಟು ಒಂದು ಬೆರಳಿನಷ್ಟಾದರೂ ಉದ್ದ ಇಳಿದಿದ್ದರೆ ಆ ಸಸಿ ದಡ ಸೇರಿದೆ. ಅದರ ಎಲೆ ಮಧ್ಯಾಹ್ನ ಸುರುಳಿಯಾದರೂ ಹೆದರಬೇಡಿ.

ಗಂಟು ನುಣ್ಣಗಿದ್ದು, ಕೆಳಗೆ ಒಂದೇ ಒಂದು ಕಂದು ದಾರ ನೇತಾಡುತ್ತಿದ್ದರೆ ಬುಡದ ಬೇರು ಹೊರಟೇ ಇಲ್ಲ. ಮೇಲ್ಮಣ್ಣು ಆ ಹೊತ್ತಿನಲ್ಲಿ ಒಣಗಿತ್ತು ಎಂದೇ ಅರ್ಥ.

ಇನ್ನೊಂದು ರೂಪ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಗಂಟಿನ ಸುತ್ತ ಸಾಸಿವೆಯಷ್ಟು ಸಣ್ಣ ಕಂದು ಮೊನೆಗಳಿರುತ್ತವೆ. ಬೆರಳಿಗೆ ಮುಳ್ಳಿನ ಹಾಗೆ ತಾಗುತ್ತವೆ. ಇವು ಹೊರಟು ಅರ್ಧಕ್ಕೇ ಒಣಗಿದ ಬುಡದ ಬೇರುಗಳು. ನನ್ನ ಎರಡನೇ ವರ್ಷದ ಸಸಿಗಳಲ್ಲಿ ಬರೀ ಇವೇ ಇದ್ದವು. ದಿನಾ ಸಂಜೆ ಹಾಕಿದ ನೀರು ಮೇಲಿನ ಒಂದು ಸೆಂಟಿಮೀಟರ್ ಮಾತ್ರ ನೆನೆಸುತ್ತಿತ್ತು. ಬೇರಿನ ಮೊನೆ ರಾತ್ರಿ ಹೊರಡುತ್ತಿತ್ತು, ಮಾರನೆಯ ದಿನ ಹನ್ನೊಂದು ಗಂಟೆಯ ಬಿಸಿಲಿಗೆ ಸುಟ್ಟುಹೋಗುತ್ತಿತ್ತು. ನೀರು ಹಾಕಿಯೇ ಕೊಂದೆ ಎಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ.

ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ

ಎಲೆಯನ್ನು ಪೂರ್ತಿ ಬಿಡಬೇಕಿಲ್ಲ, ನೋಡುವ ಹೊತ್ತು ಸರಿಯಿರಬೇಕು ಅಷ್ಟೇ. ಹುಲ್ಲಿನ ಎಲೆಯ ಮೇಲ್ಮೈಯಲ್ಲಿ ನೀರು ತುಂಬಿದ ದೊಡ್ಡ ಜೀವಕೋಶಗಳ ಸಾಲಿದೆ. ನೀರು ಕಡಿಮೆಯಾದಾಗ ಅವು ಕುಗ್ಗಿ ಎಲೆ ಒಳಮುಖವಾಗಿ ಸುರುಳಿಯಾಗುತ್ತದೆ. ಬಿಸಿಲಿಗೆ ಒಡ್ಡಿದ ಮೈ ಕಡಿಮೆಯಾಗಿ ನೀರಿನ ಖರ್ಚೂ ಕಡಿಮೆಯಾಗುತ್ತದೆ. ಇದು ರೋಗವಲ್ಲ, ಸಸಿ ಮಾಡುವ ಉಳಿತಾಯ.

ಮಧ್ಯಾಹ್ನ ಎರಡಕ್ಕೆ ಸುರುಳಿಯಾಗಿ ಬೆಳಗ್ಗೆ ಏಳಕ್ಕೆ ಬಿಚ್ಚಿಕೊಂಡಿದ್ದರೆ ರಾತ್ರಿ ನೀರು ತುಂಬಿಕೊಳ್ಳುತ್ತಿದೆ. ಬೆಳಗ್ಗೆ ಏಳಕ್ಕೂ ಸುರುಳಿಯಾಗೇ ಇದ್ದರೆ ಆವತ್ತೇ ಕೈಹಾಕಬೇಕು. ನಮ್ಮಲ್ಲಿ ಇಬ್ಬನಿ ಜಾಸ್ತಿ, ಎಲೆಯ ಮೇಲೆ ಹನಿ ಹೊಳೆಯುತ್ತಿರುತ್ತದೆ. ಹಾಗಂತ ಮೋಸ ಹೋಗಬೇಡಿ. ಹನಿ ಒರೆಸಿ ಎಲೆ ಬಿಚ್ಚಿದೆಯಾ ನೋಡಿ.

ಸುರುಳಿಗಿಂತ ಮೊದಲೇ ಒಂದು ಸೂಚನೆ ಸಿಗುತ್ತದೆ. ಹೊಸ ಎಲೆ ಉದ್ದವಾಗುವುದು ನಿಲ್ಲುತ್ತದೆ. ನೀರಿನ ಕೊರತೆಗೆ ಸಸಿ ಮೊದಲು ಕೈಬಿಡುವುದು ಬೆಳವಣಿಗೆಯನ್ನು. ಐದಾರು ಸಸಿಗಳ ಪಕ್ಕ ಕಡ್ಡಿ ನೆಟ್ಟು, ಸುಳಿ ಎಲೆಯ ತುದಿ ಎಲ್ಲಿದೆ ಎಂದು ಪೆನ್ನಿನಲ್ಲಿ ಗುರುತು ಮಾಡಿ. ಮೂರು ದಿನ ಬಿಟ್ಟು ನೋಡಿ. ತುದಿ ಗುರುತನ್ನು ದಾಟಿಲ್ಲ ಅಂದರೆ ಬಾಯಾರಿಕೆ ಶುರುವಾಗಿದೆ, ಬಣ್ಣ ಎಷ್ಟೇ ಹಸಿರಾಗಿರಲಿ.

ನೀರಲ್ಲದ ಕಾರಣಗಳು

ಎಲ್ಲ ಒಣಗುವಿಕೆಯೂ ನೀರಿನದ್ದಲ್ಲ. ಆಗಸ್ಟಿನಲ್ಲಿ, ಮಳೆ ಹೊಡೆಯುತ್ತಿರುವಾಗಲೇ ಸಸಿ ಮಲಗಿದರೆ ಬುಡ ಹಿಸುಕಿ. ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ಹಿಡಿದಂತೆ ಮೆತ್ತಗಾಗಿ ಕಂದಾಗಿದ್ದರೆ ಅದು ಬುಡ ಕೊಳೆಯುವ ಶಿಲೀಂಧ್ರದ ಕೆಲಸ. ಇಲ್ಲಿ ನೀರು ಕೊಟ್ಟರೆ ಇನ್ನೂ ಕೆಡುತ್ತದೆ. ಸಸಿಗಳು ತೀರಾ ಒತ್ತಾಗಿದ್ದರೆ ತೆಳುವು ಮಾಡಿ, ಮೇಲಿನ ಹೊದಿಕೆ ಸರಿಸಿ ಗಾಳಿಯಾಡಲು ಬಿಡಿ.

ಒಂದೂ ಬೇರಿಲ್ಲದೆ, ಕತ್ತರಿಸಿದಂತೆ ಸಸಿ ಕೈಗೆ ಬಂದರೆ ಮಣ್ಣು ಕೆದಕಿ. ಅರ್ಧಚಂದ್ರದಂತೆ ಮುದುಡಿದ ಬಿಳಿ ಗೊಣ್ಣೆಹುಳು ಸಿಗಬಹುದು, ಅಡಿಕೆ ತೋಟದವರಿಗೆ ಅದರ ನೆಂಟ ಪರಿಚಯವೇ. ಅಕ್ಟೋಬರ್ ಕಳೆದ ಮೇಲಾದರೆ ಗೆದ್ದಲೂ ಇರಬಹುದು.

ಬಣ್ಣದ ವಿಷಯದಲ್ಲಿ ತುಸು ಎಚ್ಚರ ಬೇಕು. ನೀರಿನ ಕೊರತೆಯಲ್ಲಿ ಎಲೆ ಮೊದಲು ಬೂದು ಮಿಶ್ರಿತ ನೀಲಿ ಹಸಿರಾಗುತ್ತದೆ, ಆಮೇಲೆ ತುದಿಯಿಂದ ಒಣಗುತ್ತದೆ. ಎಲೆ ಬಿಚ್ಚಿಕೊಂಡೇ ಇದ್ದು, ಹಳೆ ಎಲೆಗಳು ತಿಳಿ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ. ಜೋರು ಮಳೆಯಲ್ಲಿ ಸಾರಜನಕ ತೊಳೆದು ಹೋಗುತ್ತದೆ. ಎಲೆಯ ಅಂಚು ನೇರಳೆಯಾದರೆ ರಂಜಕದ ಕೊರತೆಯಿರಬಹುದು. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ (ಆಮ್ಲೀಯ) ಮಣ್ಣು, ರಂಜಕವನ್ನು ಕಬ್ಬಿಣ ಹಿಡಿದಿಟ್ಟುಕೊಂಡು ಬೇರಿಗೆ ಕೊಡುವುದಿಲ್ಲ. ಆದರೆ ಕೆಲವು ಹುಲ್ಲಿಗೆ ನೇರಳೆ ಹುಟ್ಟುಬಣ್ಣ. ಪಕ್ಕದ ಬ್ಯಾಣದಲ್ಲಿ ಚೆನ್ನಾಗಿ ಬೆಳೆದ ಅದೇ ಹುಲ್ಲಿನ ಬಣ್ಣ ನೋಡಿ ತೀರ್ಮಾನಿಸಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬುಡದ ಬೇರು ಇಳಿಯುವ ಮುಂಚೆ ಯೂರಿಯಾ ಹಾಕಬೇಡಿ. ಎಲೆ ಜಾಸ್ತಿಯಾಗುತ್ತದೆ, ಆ ಎಲೆಗೆಲ್ಲ ನೀರು ಕೊಡಬೇಕಾದ್ದು ಅದೇ ತೆಳು ದಾರ. ಸೊಂಪಾಗಿ ಬೆಳೆದ ಸಸಿಯೇ ಮೊದಲು ಒಣಗುವುದನ್ನು ಕಣ್ಣಾರೆ ನೋಡಿದ್ದೇನೆ.

ಹಿಮದ ಹುಲ್ಲಿನ ಸಲಹೆ ಇಲ್ಲಿಗೆ ಹೊಂದುವುದಿಲ್ಲ

ಬೆಟ್ಟದ ಹುಲ್ಲಿನ ಸಸಿ, ನೀರಿನ ಕೊರತೆ ಎಂದು ಹುಡುಕಿದರೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಆಲ್ಪೈನ್ ಹುಲ್ಲುಗಾವಲಿನದು. ಮರ ಬೆಳೆಯುವ ಎತ್ತರ ದಾಟಿದ ಮೇಲಿನ ಹಿಮಾಲಯದ ಬುಗ್ಯಾಲ್ ಎಂಬ ಹುಲ್ಲುಗಾವಲುಗಳು, ಟಿಬೆಟ್ ಪ್ರಸ್ಥಭೂಮಿ, ಯುರೋಪಿನ ಆಲ್ಪ್ಸ್. ನಾನೂ ಮೊದಲ ವರ್ಷ ಅವನ್ನೇ ಓದಿ ಬೀಜ ಹಾಕಿದ್ದೆ. ಓದಬೇಕು, ಆದರೆ ಯಾವುದು ನಮಗೆ ಹೊಂದುತ್ತದೆ ಎಂದು ಬೇರ್ಪಡಿಸಿಕೊಂಡು ಓದಬೇಕು.

ಅಲ್ಲಿನ ಹುಲ್ಲುಗಳು ಫೆಸ್ಟುಕಾ, ಪೋವಾ, ಎಲಿಮಸ್ ಇಂಥವು, ಗೋಧಿಯ ಕಡೆಯವು. ಅವುಗಳಲ್ಲಿ ಬುಡದ ಬೇರು ಹೆಚ್ಚಾಗಿ ಬೀಜದ ಹತ್ತಿರವೇ, ಮಣ್ಣಿನ ಒಳಗೇ ಹೊರಡುತ್ತದೆ. ಮೇಲ್ಮಣ್ಣು ಒಣಗಿದರೂ ಒಳಗಿನ ತೇವ ಸಿಗುತ್ತದೆ. ಆದ್ದರಿಂದ ಒಣ ಜಾಗದಲ್ಲಿ ಬೀಜ ಸ್ವಲ್ಪ ಆಳಕ್ಕೆ ಹಾಕಿ ಎಂಬ ಮಾತು ಅಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ಹುಲ್ಲಿಗೆ ಬೀಜ ಆಳಕ್ಕೆ ಹಾಕಿದರೆ ಏನಾಗುತ್ತದೆ? ತೆಳು ದಾರ ಇನ್ನಷ್ಟು ಉದ್ದವಾಗುತ್ತದೆ, ಗಂಟು ಮತ್ತೆ ಮೇಲೆಯೇ ಕೂರುತ್ತದೆ. ನಮಗೆ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಆಳ ಸಾಕು.

ಅಲ್ಲಿ ನೀರಿನ ಕೊರತೆಗೆ ಬೇರೆ ಮುಖವೂ ಇದೆ. ನೆಲ ಹೆಪ್ಪುಗಟ್ಟಿದಾಗ ಮಣ್ಣಿನಲ್ಲಿ ನೀರಿದ್ದರೂ ಬೇರಿಗೆ ಸಿಗುವುದಿಲ್ಲ. ಮಣ್ಣೊಳಗಿನ ಮಂಜುಗಡ್ಡೆ ಉಬ್ಬಿ ಎಳೆ ಸಸಿಯನ್ನು ಬೇರು ಸಮೇತ ಮೇಲಕ್ಕೆ ನೂಕಿಬಿಡುತ್ತದೆ. 1,343 ಮೀಟರಿನ ಕೊಡಚಾದ್ರಿಯ ನೆತ್ತಿಯಲ್ಲೂ ನಮಗೆ ಆ ಕಷ್ಟವಿಲ್ಲ. ನಮಗಿರುವುದು ಜಂಬಿಟ್ಟಿಗೆಯ ಮೇಲಿನ ನಾಲ್ಕು ಬೆರಳಿನ ಮಣ್ಣು, ಮಳೆ ಬಿಟ್ಟೊಡನೆ ಬೀಸುವ ಮೂಡುಗಾಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬಿದ್ದರೂ ಡಿಸೆಂಬರಿನಿಂದ ಮಾರ್ಚ್‌ವರೆಗೆ ಗುಡ್ಡದ ನೆತ್ತಿ ಒಣ ಭೂಮಿಯೇ.

ಒಂದು ವಿಷಯ ಮಾತ್ರ ಎರಡೂ ಕಡೆ ಒಂದೇ. ನೀರು ಸ್ವಲ್ಪ ಕಡಿಮೆಯಾದಾಗ ಸಸಿ ಎಲೆಯ ಬೆಳವಣಿಗೆ ತಗ್ಗಿಸಿ ಬೇರಿಗೆ ಜಾಸ್ತಿ ಹೂಡುತ್ತದೆ. ತೀರಾ ಕಡಿಮೆಯಾದರೆ ಬೇರೂ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿದ ನೀರಿನಲ್ಲಿ ಸಸಿ ಬೆಳೆಸಿ ಇದನ್ನು ಪರೀಕ್ಷಿಸುತ್ತಾರೆ. ಆ ದ್ರಾವಣದಿಂದ ನೀರು ಎಳೆದುಕೊಳ್ಳಲು ಬೇರು ಒದ್ದಾಡಬೇಕು. ಬಾಯಾರಿದ ಸಸಿಯ ಜೀವಕೋಶಗಳಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಕೂಡಿಕೊಳ್ಳುವುದೂ ಹಾಗೆಯೇ ಕಾಣುತ್ತದೆ. ನಮಗೆ ಬೇಕಾದ ಪಾಠ ಇಷ್ಟು. ಸಣ್ಣ ಬಾಯಾರಿಕೆ ಬೇರನ್ನು ಬೆಳೆಸುತ್ತದೆ, ಆದರೆ ಬುಡದ ಬೇರು ಹೊರಟ ಮೇಲೆ ಮಾತ್ರ.

ಸರಿಪಡಿಸುವುದು

ಕಿತ್ತು ನೋಡಿದಾಗ ಬುಡದ ಬೇರು ಇಲ್ಲ, ಆದರೆ ಸಸಿ ಇನ್ನೂ ಹಸಿರಿದೆ ಎಂದಾದರೆ ಅವಕಾಶ ಇದೆ. ನಾಲ್ಕು ದಿನ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳಬೇಕು. ಒಂದು ಚದರ ಮೀಟರಿಗೆ 1 ಲೀಟರ್ ಹಾಕಿದರೆ 1 ಮಿ.ಮೀ. ಮಳೆ ಬಂದಂತೆ. ಮೊದಲ ದಿನ ಚದರ ಮೀಟರಿಗೆ 10 ಲೀಟರ್ ನಿಧಾನವಾಗಿ, ಮೂರು ಕಂತಿನಲ್ಲಿ ಹಾಕಿ. ಧರೆಯಲ್ಲಿ ಒಂದೇ ಸಲ ಸುರಿದರೆ ಎಲ್ಲ ಕೆಳಗಿನ ಅಗಳಕ್ಕೆ (ಕಂದಕಕ್ಕೆ) ಹರಿದುಹೋಗುತ್ತದೆ. ಆಮೇಲೆ ಮೂರು ದಿನ ಬೆಳಗ್ಗೆ ಒಮ್ಮೆ, ಮಧ್ಯಾಹ್ನಕ್ಕೆ ಮುಂಚೆ ಒಮ್ಮೆ, ತಲಾ 2 ಲೀಟರ್. ಮೇಲೆ ಕರಡ (ಒಣಹುಲ್ಲು) ತೆಳುವಾಗಿ ಉದುರಿಸಿ, ಸಂದಿಯಲ್ಲಿ ಅರ್ಧದಷ್ಟು ಮಣ್ಣು ಕಾಣಬೇಕು. ದಪ್ಪ ಹೊದಿಸಿದರೆ ಬುಡ ಕೊಳೆಯುತ್ತದೆ, ಗೆದ್ದಲು ಬರುತ್ತದೆ. ದರಗು (ಉದುರಿದ ಒಣ ಎಲೆ) ಬೇಡ, ಅದು ಒದ್ದೆಯಾಗಿ ಎಳೆ ಸಸಿಯ ಮೇಲೆ ಅಂಟಿ ಕೂರುತ್ತದೆ.

ಐದನೇ ದಿನ ಎರಡು ಸಸಿ ಎತ್ತಿ ನೋಡಿ. ಬಿಳಿ ಮೊನೆ ಕಂಡರೆ ದಿನನಿತ್ಯದ ನೀರು ನಿಲ್ಲಿಸಿ. ವಾರಕ್ಕೊಮ್ಮೆ ಚದರ ಮೀಟರಿಗೆ 10 ಲೀಟರ್, ಮಧ್ಯೆ ಏನೂ ಇಲ್ಲ. ಮೇಲೆ ಒಣಗಿ ಕೆಳಗೆ ತೇವ ಇದ್ದಾಗಲೇ ಬೇರು ಕೆಳಗೆ ಹೋಗುತ್ತದೆ.

ಪ್ರೊಟ್ರೇಯಲ್ಲಿ (ಸಣ್ಣ ಗುಳಿಗಳಿರುವ ಸಸಿ ತಟ್ಟೆಯಲ್ಲಿ) ಬೆಳೆಸುವವರಿಗೆ ಬೇರೆ ತಾಪತ್ರಯ. ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿದರೆ ನೀರನ್ನೇ ಒಲ್ಲೆ ಎನ್ನುತ್ತದೆ. ಮೇಲಿಂದ ಹಾಕಿದ ನೀರು ಗುಳಿಯ ಗೋಡೆಯ ಪಕ್ಕದಿಂದ ಜಾರಿಹೋಗುತ್ತದೆ, ಮೇಲೆ ಒದ್ದೆ, ಒಳಗೆ ಪುಡಿ. ಟ್ರೇಯನ್ನು ತೂಗಿ ನೋಡುವುದೇ ಸರಿಯಾದ ಪರೀಕ್ಷೆ. ಚೆನ್ನಾಗಿ ನೆನೆಸಿ, ಸೋರುವುದು ನಿಂತ ಮೇಲೆ ಒಮ್ಮೆ ತೂಗಿ. ನಮ್ಮ 98 ಗುಳಿಯ ಟ್ರೇ ಆಗ ಸುಮಾರು 2.5 ಕೆ.ಜಿ. ಇತ್ತು. 1.5 ಕೆ.ಜಿ.ಗೆ ಇಳಿದಾಗ ಎಲೆ ಸುರುಳಿಯಾಗುತ್ತಿತ್ತು. ನಿಮ್ಮ ಲೆಕ್ಕ ಬೇರೆ ಬರುತ್ತದೆ, ನೀವೇ ತೂಗಿ ಬರೆದಿಟ್ಟುಕೊಳ್ಳಿ. ಒಣಗಿದ ಟ್ರೇಯನ್ನು ಅರ್ಧ ಗಂಟೆ ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಕುಡಿಸಿ. ನಾಟಿ ಮಾಡುವಾಗ ನಾರಿನ ಗಟ್ಟಿ ಮಣ್ಣಿನ ಮೇಲೆ ಕಾಣಬಾರದು. ಕಂಡರೆ ಅದು ಬತ್ತಿಯಂತೆ ಒಳಗಿನ ತೇವ ಎಳೆದು ಗಾಳಿಗೆ ಬಿಡುತ್ತದೆ. ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿ.

ಮುಂದಿನ ವರ್ಷ ಈ ತೊಂದರೆಯೇ ಬಾರದಿರಲು ಮಳೆಯ ಲೆಕ್ಕ ಹಾಕಬೇಕು. ಪುನರ್ವಸು, ಪುಷ್ಯ ಮಳೆಯಲ್ಲಿ (ಜುಲೈ ಹೊತ್ತಿಗೆ) ಬೀಜ ಹಾಕಿದರೆ ಧರೆಯಿಂದ ತೊಳೆದು ಹೋಗುತ್ತದೆ. ಉತ್ತರೆ ಮಳೆಗೆ (ಸೆಪ್ಟೆಂಬರ್ ಎರಡನೇ ಅರ್ಧದಲ್ಲಿ) ಹಾಕಿದರೆ ಬುಡದ ಬೇರು ಬರುವ ಹೊತ್ತಿಗೆ ಮೇಲ್ಮಣ್ಣು ಒಣಗಿರುತ್ತದೆ. ಆಶ್ಲೇಷಾ ಮಳೆಯ ಕೊನೆ, ಅಂದರೆ ಆಗಸ್ಟ್ ಮಧ್ಯದ ಹೊತ್ತು ಸರಿ. ಸಸಿಗೆ ಮೂರು ನಾಲ್ಕು ಎಲೆ ಬರುವುದು ಸೆಪ್ಟೆಂಬರ್ ಮೊದಲರ್ಧದ ಹುಬ್ಬೆ ಮಳೆಯಲ್ಲಿ, ನೆಲ ಇನ್ನೂ ಹಸಿಯಿರುತ್ತದೆ. ಬೀಜ ಹಿಂದಿನ ವರ್ಷದ್ದಾಗಿರಲಿ. ನವೆಂಬರ್, ಡಿಸೆಂಬರಿನಲ್ಲಿ ಬಿಡಿಸಿದ ಗುಡ್ಡದ ಹುಲ್ಲಿನ ಬೀಜ ಕೆಲವು ತಿಂಗಳು ಮಲಗಿಯೇ ಇರುತ್ತದೆ. ಹಸಿ ಬೀಜ ಹಾಕಿ ಹುಟ್ಟಲಿಲ್ಲ ಎಂದು ಕೊರಗುವುದು ಬೇಡ.

ಸತ್ತಿದೆಯೋ, ಮಲಗಿದೆಯೋ

ಜನವರಿಯಲ್ಲಿ ನಿಮ್ಮ ಹುಲ್ಲೆಲ್ಲ ಕಂದಾಗಿ ನಿಲ್ಲುತ್ತದೆ. ಪಕ್ಕದ ಬ್ಯಾಣವೂ ಹಾಗೇ ಇರುತ್ತದೆ, ನೋಡಿ. ಒಂದೆರಡು ಬುಡ್ಡೆಯ ಬುಡವನ್ನು ಉಗುರಿನಲ್ಲಿ ಕೆರೆಯಿರಿ. ಒಳಗೆ ಗಟ್ಟಿಯಾಗಿ ಕೆನೆ ಬಣ್ಣ ಇದ್ದರೆ ಜೀವ ಇದೆ. ಟೊಳ್ಳಾಗಿ, ಕಂದು ಪುಡಿ ಉದುರಿದರೆ ಹೋಗಿದೆ. ಜೀವ ಇರುವುದಕ್ಕೆ ಈಗ ನೀರು ಹಾಕಬೇಡಿ. ಹಾಕಿದರೆ ಎಳೆ ಚಿಗುರು ಬರುತ್ತದೆ, ಬೇಸಿಗೆಯಲ್ಲಿ ದನ ಆ ಒಂದೇ ಹಸಿರನ್ನು ಹುಡುಕಿಕೊಂಡು ಬಂದು ಬುಡ ಸಮೇತ ಕೀಳುತ್ತವೆ. ನಮ್ಮ ಧರೆಯ ಕೆಳಗಿನ ಮೂಲೆ ಹಾಗೇ ಬೋಳಾಯಿತು. ಬೇಲಿ ಗಟ್ಟಿ ಮಾಡಿ, ಬೆಂಕಿ ಬೀಳದಂತೆ ಸುತ್ತ ಒಂದು ಗುದ್ದಲಿ ಅಗಲ ಕೆತ್ತಿ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಎರಡು ಗುಡುಗು ಮಳೆ ಬಿದ್ದ ಮೇಲೆ ಹೋಗಿ ಎಣಿಸಿ. ಕಳೆದ ಮೇ ತಿಂಗಳಲ್ಲಿ ನಾನು ಒಂದು ಮಾರು ಉದ್ದದಲ್ಲಿ ಹನ್ನೊಂದು ಬುಡ್ಡೆ ಚಿಗುರಿದ್ದನ್ನು ಎಣಿಸಿ, ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಗ್ಗಿ ಒಂದನ್ನು ಹಿಡಿದು ಎಳೆದು ನೋಡಿದರು. ಬರಲಿಲ್ಲ.